ಟಿಕೆಟ್‌ನ ಸಣ್ಣ ಅಕ್ಷರ, ನಮ್ಮ ದೊಡ್ಡ ಲೆನ್ಸು

ಕಾರ್ ರೇಸ್ ನೋಡಲು ಟಿಕೆಟ್ ಕೊಂಡವರಲ್ಲಿ ಎಷ್ಟು ಮಂದಿ ಅದರ ಷರತ್ತುಗಳನ್ನು ಓದುತ್ತಾರೆ? ಸೀಟು ಯಾವ ಸ್ಟ್ಯಾಂಡ್‌ನಲ್ಲಿದೆ, ಗೇಟ್ ಎಷ್ಟು ಗಂಟೆಗೆ ತೆಗೀತಾರೆ, ಒಳಗೆ ಊಟ ಸಿಗುತ್ತಾ ಎನ್ನುವಲ್ಲಿಗೆ ನಮ್ಮ ಓದು ಮುಗಿಯುತ್ತದೆ. ಅದರ ಕೆಳಗೆ ಇರುವೆ ಸಾಲಿನಂಥ ಅಕ್ಷರಗಳಲ್ಲಿ ಇನ್ನೂ ಒಂದಿಷ್ಟು ಇರುತ್ತದೆ. ವೃತ್ತಿಪರ ಕ್ಯಾಮೆರಾ ತರುವಂತಿಲ್ಲ, ಟ್ರೈಪಾಡ್ ಬೇಡ, ಡ್ರೋನ್ ಅಂತೂ ಬೇಡವೇ ಬೇಡ. ತೆಗೆದ ಫೋಟೊ ಸ್ವಂತಕ್ಕೆ ಇಟ್ಟುಕೊಳ್ಳಬಹುದು, ಮಾರುವಂತಿಲ್ಲ. ಟ್ರ್ಯಾಕ್‌ನಿಂದ ಟ್ರ್ಯಾಕ್‌ಗೆ ಮಾತು ಬದಲಾದರೂ ಸಾರ ಹೆಚ್ಚುಕಡಿಮೆ ಇದೇ.

ನಾನು ಮೆಕ್ಯಾನಿಕಲ್ ಓದುತ್ತಿರುವವನು. ನನಗೆ ಎಂಜಿನ್ ಸದ್ದು ಸಾಕು. ಆದರೆ ನನ್ನ ರೂಮ್‌ಮೇಟ್‌ಗೆ ರೇಸ್ ಫೋಟೊಗ್ರಾಫರ್ ಆಗುವ ಹುಚ್ಚು. ಸೆಕೆಂಡ್ ಹ್ಯಾಂಡ್ ಡಿಎಸ್‌ಎಲ್‌ಆರ್, ಬಾಡಿಗೆಗೆ ತಂದ ಟೆಲಿಫೋಟೊ ಲೆನ್ಸು ಹಿಡಿದುಕೊಂಡು ಕಳೆದ ವರ್ಷ ಇಬ್ಬರೂ ರಾತ್ರಿ ಬಸ್ ಹತ್ತಿ ಪಕ್ಕದ ರಾಜ್ಯದ ಒಂದು ಟ್ರ್ಯಾಕ್‌ಗೆ ಹೋಗಿದ್ದೆವು. ಗೇಟ್‌ನಲ್ಲಿ ಬ್ಯಾಗ್ ತೆರೆಸಿದ ಸೆಕ್ಯುರಿಟಿಯವರು ಲೆನ್ಸ್ ನೋಡಿದ್ದೇ ‘ಪ್ರೆಸ್ ಪಾಸ್ ಇದೆಯಾ?’ ಎಂದರು. ‘ಇಲ್ಲ ಸರ್, ಸ್ಟೂಡೆಂಟ್’ ಅಂದರೆ ‘ಹಾಗಾದರೆ ಇದು ಒಳಗೆ ಹೋಗಲ್ಲ’. ಟಿಕೆಟ್‌ನಲ್ಲಿ ‘ವೃತ್ತಿಪರ ಕ್ಯಾಮೆರಾ’ ಎಂದಷ್ಟೇ ಇತ್ತು. ಯಾವುದು ವೃತ್ತಿಪರ, ಯಾವುದು ಅಲ್ಲ ಎನ್ನುವ ವಿವರ ಎಲ್ಲೂ ಇರಲಿಲ್ಲ. ಅವನ ಕ್ಯಾಮೆರಾಗಿಂತ ಮೂರು ಪಟ್ಟು ಬೆಲೆಯ ಫೋನ್ ಹಿಡಿದವರೊಬ್ಬರು ನಮ್ಮ ಪಕ್ಕದಲ್ಲೇ ಸಲೀಸಾಗಿ ಒಳಗೆ ಹೋದರು.

ವಾಪಸ್ ಬಂದ ಮೇಲೆ ಈ ನಿಯಮದ ಹಿಂದೆ ಏನಿದೆ ಎಂದು ಹುಡುಕತೊಡಗಿದೆ. ಮೊದಲನೆಯದು ದುಡ್ಡು. ದೊಡ್ಡ ರೇಸ್‌ಗಳ ಗಳಿಕೆಯಲ್ಲಿ ಪ್ರಸಾರದ ಹಕ್ಕಿಗೆ ದೊಡ್ಡ ಪಾಲಿದೆ. ಕೋಟಿಗಟ್ಟಲೆ ಕೊಟ್ಟು ಹಕ್ಕು ಕೊಂಡವರಿಗೆ, ಸ್ಟ್ಯಾಂಡ್‌ನಲ್ಲಿ ಕೂತವರು ಅದೇ ರೇಸನ್ನು ಯೂಟ್ಯೂಬ್‌ನಲ್ಲಿ ಪುಕ್ಕಟೆ ತೋರಿಸಿದರೆ ನಷ್ಟ. ಫಾರ್ಮುಲಾ ಒನ್‌ನಲ್ಲಿ ಚಾಲಕರ ಮೇಲೂ ಇಂಥ ಬಿಗಿ ಇತ್ತು. 2017ರಲ್ಲಿ ಲಿಬರ್ಟಿ ಮೀಡಿಯಾ ಕೈಗೆ ಬಂದ ಮೇಲಷ್ಟೇ ತಂಡಗಳು, ಚಾಲಕರು ಪ್ಯಾಡಕ್‌ನಿಂದ ಸಣ್ಣ ವಿಡಿಯೊ ಹಾಕಲು ನಿಯಮ ಸಡಿಲವಾಯಿತು. ಅದರಿಂದ ಆಟ ಮುಳುಗಲಿಲ್ಲ, ಹೊಸ ಹುಡುಗರು ನೋಡತೊಡಗಿದರು.

ಕಾನೂನು ಏನು ಹೇಳುತ್ತದೆ ಎನ್ನುವುದೂ ಸ್ವಾರಸ್ಯಕರ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಸಾಮಾನ್ಯವಾಗಿ ಫೋಟೊ ತೆಗೆದವರೇ ಅದರ ಮೊದಲ ಒಡೆಯರು. ಫೋಟೊಗೆ ಅದನ್ನು ತೆಗೆದವರ ಜೀವಿತಾವಧಿಯಲ್ಲೂ, ಅವರು ತೀರಿಕೊಂಡ ನಂತರ 60 ವರ್ಷವೂ ರಕ್ಷಣೆ ಇದೆ. ಪ್ರಸಾರ ಮಾಡುವ ಸಂಸ್ಥೆಗೆ ತನ್ನ ಪ್ರಸಾರದ ಮೇಲೆ 25 ವರ್ಷದ ಹಕ್ಕಿದೆ. ಆದರೆ ಟ್ರ್ಯಾಕ್‌ನಲ್ಲಿ ಕಾರು ಓಡುವುದು ಕಥೆ, ಹಾಡಿನಂಥ ‘ಕೃತಿ’ ಅಲ್ಲ. ಹಾಗಾದರೆ ನಮ್ಮನ್ನು ತಡೆಯುವುದು ಯಾವುದು? ಟಿಕೆಟ್. ಅದು ಬರೀ ಚೀಟಿಯಲ್ಲ, ಒಪ್ಪಂದ. ಖಾಸಗಿ ಜಾಗದ ಒಳಗೆ ಹೋಗಬೇಕಾದರೆ ಅವರ ಷರತ್ತು ಒಪ್ಪಲೇಬೇಕು.

ಎರಡನೆಯದು ಸುರಕ್ಷತೆ. ಇಲ್ಲಿ ನನ್ನ ತಕರಾರಿಲ್ಲ. ಗ್ರೂಪ್ ಬಿ ರ್‍ಯಾಲಿಗಳ ಕಾಲದಲ್ಲಿ ಪೋರ್ಚುಗಲ್‌ನ ಪ್ರೇಕ್ಷಕರು ರಸ್ತೆ ಮಧ್ಯೆ ನಿಂತು ಫೋಟೊ ತೆಗೆಯುತ್ತಿದ್ದರು, ಕಾರು ಹತ್ತಿರ ಬಂದಾಗ ಪಕ್ಕಕ್ಕೆ ಹಾರುತ್ತಿದ್ದರು. 1986ರ ರ್‍ಯಾಲಿಯಲ್ಲಿ ಫೋರ್ಡ್ ಆರ್‌ಎಸ್200 ಕಾರು ನಿಯಂತ್ರಣ ತಪ್ಪಿ ಗುಂಪಿಗೆ ನುಗ್ಗಿ ಮೂವರು ಸತ್ತರು, ಹಲವರು ಗಾಯಗೊಂಡರು. ಆ ವರ್ಷದ ಕೊನೆಗೆ ಗ್ರೂಪ್ ಬಿ ಮುಗಿದೇ ಹೋಯಿತು. ನಮ್ಮ ಚಿಕ್ಕಮಗಳೂರಿನ ಕಾಫಿ ತೋಟಗಳ ನಡುವೆ ರ್‍ಯಾಲಿ ನಡೆಯುವಾಗಲೂ ತಿರುವಿನ ಅಂಚಿನಲ್ಲೇ ನಿಂತು ಫೋನ್ ಎತ್ತುವವರಿದ್ದಾರೆ. ಸ್ಕ್ರೀನ್‌ನಲ್ಲಿ ನೋಡುವಾಗ ಕಾರು ಇನ್ನೂ ದೂರ ಇದೆ ಅನಿಸುತ್ತದೆ. ಮಾರ್ಷಲ್ ‘ಹಿಂದೆ ಹೋಗಿ’ ಎಂದರೆ ವಾದ ಮಾಡದೆ ಹೋಗಬೇಕು. ಡ್ರೋನ್ ನಿಷೇಧವೂ ಅಷ್ಟೇ. ಮೇಲಿಂದ ಬಿದ್ದರೆ ಕೆಳಗಿರುವುದು ಇನ್ನೂರು ಕಿಲೊಮೀಟರ್ ವೇಗದ ಕಾರು.

ಮೂರನೆಯದು ಎಂಜಿನಿಯರಿಂಗ್‌ನವರಿಗೆ ಇಷ್ಟವಾಗುವ ಕಾರಣ: ಕ್ಯಾಮೆರಾ ಗುಟ್ಟು ಕದಿಯುತ್ತದೆ. 2020ರಲ್ಲಿ ರೇಸಿಂಗ್ ಪಾಯಿಂಟ್ ತಂಡದ ಕಾರು ಹಿಂದಿನ ವರ್ಷದ ಮರ್ಸಿಡಿಸ್‌ನಂತೆಯೇ ಇತ್ತು. ಫೋಟೊಗಳನ್ನು ನೋಡಿ ಮಾಡಿದ್ದೇವೆ ಎಂದಿತು ತಂಡ. ಬ್ರೇಕ್ ಡಕ್ಟ್ ವಿಷಯದಲ್ಲಿ ಅದಕ್ಕೆ 4 ಲಕ್ಷ ಯೂರೊ ದಂಡ ಬಿತ್ತು, 15 ಪಾಯಿಂಟ್ ಕಡಿತವಾಯಿತು. ಎದುರಾಳಿಯ ಕಾರನ್ನು ಫೋಟೊಗಳಿಂದ ಇಡಿಯಾಗಿ ನಕಲು ಮಾಡುವುದಕ್ಕೆ ತಡೆ ಹಾಕುವ ನಿಯಮವೂ ಬಂತು. ಆದರೆ ಇದು ಪಿಟ್‌ನ ಮಾತು. ನೂರು ಮೀಟರ್ ದೂರದ ಸ್ಟ್ಯಾಂಡ್‌ನಲ್ಲಿ ಕೂತ ಹುಡುಗನಿಂದ ಯಾರ ಗುಟ್ಟು ಸೋರೀತು?

ಹಾಗಾಗಿ ನನ್ನ ಜಗಳ ನಿಯಮದ ಜೊತೆ ಅಲ್ಲ, ಅದರ ಅಳತೆಗೋಲಿನ ಜೊತೆ. ಲೆನ್ಸ್ ಉದ್ದ ಇದ್ದ ಮಾತ್ರಕ್ಕೆ ವ್ಯಾಪಾರ ಅಲ್ಲ. ನೇರ ಪ್ರಸಾರ ಮಾಡಲು ಬೇಕಿರುವುದು ಫೋನು, ಅದನ್ನು ಒಳಗೆ ಬಿಡುತ್ತಾರೆ. ಪ್ಯಾನಿಂಗ್ ಕಲಿಯಲು ಬೇಕಿರುವುದು ಕ್ಯಾಮೆರಾ, ಅದನ್ನು ಹೊರಗಿಡುತ್ತಾರೆ. ಶಟರ್ ಸ್ಪೀಡನ್ನು ಸೆಕೆಂಡಿನ 125ನೇ ಒಂದು ಭಾಗಕ್ಕೆ ಇಳಿಸಿ, ಕಾರಿನ ಜೊತೆಗೇ ಸೊಂಟ ತಿರುಗಿಸಿದರೆ ಹಿನ್ನೆಲೆ ಗೆರೆಗಳಾಗಿ ಓಡುತ್ತದೆ, ಕಾರು ಮಾತ್ರ ಸ್ಪಷ್ಟವಾಗಿ ನಿಲ್ಲುತ್ತದೆ. ಇದು ಪುಸ್ತಕದಿಂದ ಬರುವ ವಿದ್ಯೆಯಲ್ಲ. ನೂರು ಕಾರು ತಪ್ಪಿದ ಮೇಲೆ ಒಂದು ಸಿಗುತ್ತದೆ.

ಇಲ್ಲಿಯೇ ನಮ್ಮಂಥವರಿಗೆ ಪರಿಚಯದ ಗೋಳು ಎದುರಾಗುತ್ತದೆ. ಮೀಡಿಯಾ ಪಾಸ್ ಬೇಕಾದರೆ ಪತ್ರಿಕೆಯ ಪತ್ರ ಬೇಕು. ಪತ್ರಿಕೆ ಪತ್ರ ಕೊಡಬೇಕಾದರೆ ಹಿಂದೆ ತೆಗೆದ ಫೋಟೊ ತೋರಿಸಬೇಕು. ಫೋಟೊ ತೆಗೆಯಬೇಕಾದರೆ ಪಾಸ್ ಬೇಕು. ‘ಎರಡು ವರ್ಷ ಅನುಭವ ಇರುವ ಫ್ರೆಶರ್ ಬೇಕಾಗಿದ್ದಾರೆ’ ಎನ್ನುವ ಜಾಹೀರಾತಿಗೂ ಇದಕ್ಕೂ ಏನು ವ್ಯತ್ಯಾಸ? ಮನೆಯಲ್ಲಿ ‘ಕ್ಯಾಮೆರಾ ಹೊಟ್ಟೆಗೆ ಹಾಕುತ್ತಾ’ ಎನ್ನುವ ಅಪ್ಪನಿಗೆ ತೋರಿಸಲು ನನ್ನ ಗೆಳೆಯನಿಗೆ ಹತ್ತು ಒಳ್ಳೆಯ ಫೋಟೊ ಬೇಕು. ಆ ಹತ್ತು ಇರುವುದು ಗೇಟಿನ ಒಳಗೆ.

ಆಯೋಜಕರು ಮನಸ್ಸು ಮಾಡಿದರೆ ಕಷ್ಟವೇನಿಲ್ಲ. ಲೆನ್ಸ್ ಎಷ್ಟು ಉದ್ದದವರೆಗೆ ಬಿಡುತ್ತೇವೆ ಎಂದು ಅಂಕಿಯಲ್ಲೇ ಬರೆಯಲಿ. ಪ್ರಾಕ್ಟೀಸ್ ದಿನ ಒಂದು ಸ್ಟ್ಯಾಂಡನ್ನು ಕ್ಯಾಮೆರಾದವರಿಗೆ ಬಿಡಲಿ. ಕಾಲೇಜ್ ಐಡಿ ತೋರಿಸಿ, ಮಾರುವುದಿಲ್ಲ ಎಂದು ಬರೆದುಕೊಟ್ಟವರಿಗೆ ಪಾಸ್ ಕೊಡಲಿ. ಖಾಲಿ ಸ್ಟ್ಯಾಂಡ್‌ಗಳನ್ನು ನೋಡುತ್ತಿರುವ ನಮ್ಮ ದೇಶದ ರೇಸ್‌ಗಳಿಗೆ ಈ ಹುಡುಗರ ಫೋಟೊಗಿಂತ ಅಗ್ಗದ ಪ್ರಚಾರ ಸಿಗಲಾರದು.

ಅಲ್ಲಿಯವರೆಗೆ ನಾವು ಸುಮ್ಮನೆ ಕೂರಬೇಕಿಲ್ಲ. ಟಿಕೆಟ್ ಕೊಳ್ಳುವ ಮೊದಲೇ ಆಯೋಜಕರಿಗೆ ಇಮೇಲ್ ಮಾಡಿ, ಲೆನ್ಸ್ ಹೆಸರು ಬರೆದು ಕೇಳಿ, ಉತ್ತರದ ಪ್ರಿಂಟ್ ಜೊತೆಗಿಟ್ಟುಕೊಳ್ಳಿ. ಊರ ಹತ್ತಿರದ ಮಣ್ಣಿನ ಟ್ರ್ಯಾಕ್‌ನ ಬೈಕ್ ರೇಸ್‌ಗಳಲ್ಲಿ ಕೇಳಿದರೆ ಒಪ್ಪಿಗೆ ಸಿಗುವುದು ಸುಲಭ. ಕೊಯಮತ್ತೂರಿನ ಕಾರಿ ಮೋಟಾರ್ ಸ್ಪೀಡ್‌ವೇನಲ್ಲಿ ನಡೆಯುವ ಫಾರ್ಮುಲಾ ಭಾರತ್‌ನಂಥ ವಿದ್ಯಾರ್ಥಿ ಸ್ಪರ್ಧೆಗಳಿಗೆ ಹೋಗುವ ನಿಮ್ಮ ಕಾಲೇಜು ತಂಡಕ್ಕೂ ಫೋಟೊ ತೆಗೆಯುವವರು ಬೇಕು. ಮಾರ್ಷಲ್ ಆಗಿ ಸ್ವಯಂಸೇವೆ ಮಾಡಿದರೆ ಕೈಯಲ್ಲಿ ಕ್ಯಾಮೆರಾ ಇರುವುದಿಲ್ಲ ನಿಜ, ಆದರೆ ಕಾರು ಎಲ್ಲಿ ಬ್ರೇಕ್ ಹಾಕುತ್ತದೆ, ಬೆಳಕು ಎಲ್ಲಿಂದ ಬೀಳುತ್ತದೆ ಎನ್ನುವುದು ತಿಳಿಯುತ್ತದೆ. ಆಯೋಜಕರಿಗೆ ನಿಮ್ಮ ಮುಖವೂ ಪರಿಚಯವಾಗುತ್ತದೆ. ನಮ್ಮ ದೇಶದಲ್ಲಿ ಎಷ್ಟೋ ಗೇಟುಗಳು ತೆರೆಯುವುದು ಹಾಗೆಯೇ ಅಲ್ಲವೇ?