ಬಿಟ್ಟ ಮೀನು ಬದುಕುತ್ತದೆಯೇ?

ಗಾಳಕ್ಕೆ ಸಿಕ್ಕ ಮೀನನ್ನು ಮತ್ತೆ ನೀರಿಗೆ ಬಿಟ್ಟರೆ ಅದಕ್ಕೇನೂ ಆಗುವುದಿಲ್ಲ ಎಂಬ ನಂಬಿಕೆ ಹವ್ಯಾಸಿ ಗಾಳಗಾರರಲ್ಲಿ ಬಲವಾಗಿದೆ. ಮೀನು ಬಾಲ ಬೀಸಿ ಆಳಕ್ಕಿಳಿದರೆ ಬದುಕಿತೆಂದೇ ಎಣಿಸುತ್ತೇವೆ. ಆಮೇಲಿನ ಹನ್ನೆರಡು ಗಂಟೆಗಳಲ್ಲಿ ಅದಕ್ಕೇನಾಯಿತು ಎಂದು ನೋಡುವವರಿಲ್ಲ. ಬೆಂಗಳೂರಿನ ಕಾಮಾಕ್ಷಿಪಾಳ್ಯದಂಥ ಕಡೆ ಈ ಪ್ರಶ್ನೆಗೆ ಈಗ ಮಹತ್ವ ಬಂದಿದೆ. ಇಲ್ಲಿನ ಕೆರೆ ಆಟದ ಮೈದಾನವಾಯಿತು. ಮನೆ ಪಕ್ಕದ ಕೆರೆಯಲ್ಲಿ ಹಿರಿಯರ ಜೊತೆ ಕೂತು ಗಾಳದ ಪಾಠ ಕಲಿಯುವ ಅವಕಾಶ ಅದರೊಂದಿಗೇ ಹೋಯಿತು. ಆದರೆ ರಾಡು, ರೀಲು, ಬಣ್ಣಬಣ್ಣದ ಕೃತಕ ಮೀನುಗಳನ್ನು ಮೊಬೈಲಿನಲ್ಲೇ ತರಿಸಿಕೊಳ್ಳಬಹುದು. ಕೈಗೆ ಸಲಕರಣೆ ಬಂದಿದೆ, ಅದರ ಹಿಂದಿನ ತಿಳಿವಳಿಕೆ ಬಂದಿಲ್ಲ. ಬಿಟ್ಟ ಮೀನು ಬದುಕುವುದು ನಮ್ಮ ಸದುದ್ದೇಶದಿಂದಲ್ಲ. ಕೊಕ್ಕೆಯ ಆಕಾರ, ದಾರದ ಬಲ, ಮೀನು ನೀರಿನಾಚೆ ಕಳೆದ ಸೆಕೆಂಡುಗಳು ಅದನ್ನು ನಿರ್ಧರಿಸುತ್ತವೆ. ಒಂದು ಮೀನು ಬದುಕಿದರೂ ಅದರ ವಂಶ ಉಳಿಯಬೇಕಾದರೆ, ಹಿಡಿದದ್ದನ್ನು ಬರೆದಿಡುವ ಶಿಸ್ತೂ ಬೇಕು.

ಯಾವ ಸಲಕರಣೆ ಬೇಕೆಂಬುದು ಮೀನಿನ ಮೈಕಟ್ಟಿನಲ್ಲೇ ಬರೆದಿರುತ್ತದೆ. ಉತ್ತರ ಅಮೆರಿಕದ ಸಿಹಿನೀರಿನ ವಾಲ್‌ಐ ಮೀನಿನ ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ಮರಳಿಸುವ ಒಂದು ಪದರವಿದೆ. ಮಂದ ಬೆಳಕಿನಲ್ಲೂ ಕಾಣುವ ಈ ಮೀನು ಮುಸ್ಸಂಜೆಯಲ್ಲಿ, ಕಲಕಿದ ನೀರಿನಲ್ಲಿ ಬೇಟೆಗಿಳಿಯುತ್ತದೆ. ಆದ್ದರಿಂದಲೇ ಅಲ್ಲಿನವರು ಸೀಸದ ತಲೆಯ ಕೊಕ್ಕೆಯನ್ನು ಹೊತ್ತಿಳಿದ ಮೇಲೆ ತಳದ ಹತ್ತಿರ ನಿಧಾನವಾಗಿ ಕುಣಿಸುತ್ತಾರೆ. ಪೈಕ್ ಮೀನಿಗೆ ಬೆನ್ನಿನ ರೆಕ್ಕೆ ಬಾಲದ ಹತ್ತಿರವಿದೆ. ಜೊಂಡಿನ ನಡುವೆ ಅಲುಗದೆ ನಿಂತು ಒಮ್ಮೆಲೇ ಮುನ್ನುಗ್ಗಲು ಅದು ಅನುಕೂಲ. ಅದರ ಹಲ್ಲು ನೈಲಾನ್ ದಾರವನ್ನು ಕತ್ತರಿಸಿಬಿಡುತ್ತದೆ, ಹಾಗಾಗಿ ಕೊಕ್ಕೆಗೂ ದಾರಕ್ಕೂ ನಡುವೆ ಉಕ್ಕಿನ ತಂತಿ ಕಟ್ಟುತ್ತಾರೆ. ನಮ್ಮ ಕೆರೆಗಳಲ್ಲಿ ಹೀಗೆ ಹೊಂಚು ಹಾಕುವುದು ಮುರ್ರೆಲ್, ಅಂದರೆ ಕುಚ್ಚು ಮೀನು. ಗಾಳಿಯನ್ನೂ ಉಸಿರಾಡುವ ಇದು ಕಳೆ ತುಂಬಿದ ನೀರಿನಲ್ಲಿ ಆರಾಮವಾಗಿರುತ್ತದೆ. ಕೊಕ್ಕೆ ಮೈಗಂಟಿಕೊಂಡಿರುವ ರಬ್ಬರ್ ಕಪ್ಪೆಯನ್ನು ಎಲೆಗಳ ಮೇಲೆ ಎಳೆಯುವುದು ಇದಕ್ಕಾಗಿಯೇ. ಕಾವೇರಿಯ ಮಹಶೀರ್, ನದಿ ದಂಡೆಯವರ ಬಿಳಿಮೀನು, ಬೇರೆಯದೇ ಜಾತಿಯದು. ಅದರ ದವಡೆಯಲ್ಲಿ ಹಲ್ಲಿಲ್ಲ. ಏಡಿ, ಬಸವನಹುಳುಗಳನ್ನು ಗಂಟಲೊಳಗಿನ ಹಲ್ಲುಗಳಿಂದ ಜಜ್ಜಿ ನುಂಗುತ್ತದೆ. ಸಿಕ್ಕಿದ ಕೂಡಲೇ ಬಂಡೆಗಳ ನಡುವಿನ ಸೆಳವಿಗೆ ಓಡುತ್ತದೆ. ಬೇಯಿಸಿದ ರಾಗಿ ಹಿಟ್ಟಿನ ಉಂಡೆಯನ್ನು ದಪ್ಪ ಕೊಕ್ಕೆಗೆ ಮೆತ್ತಿ ಸೆಳವಿನಲ್ಲಿ ಬಿಡುವ ರೂಢಿ ಅಲ್ಲಿ ಬೆಳೆದದ್ದು ಅದಕ್ಕೇ. 1946ರಲ್ಲಿ ಕಬಿನಿಯಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಹಿಡಿದ ಮಹಶೀರ್ 120 ಪೌಂಡ್, ಅಂದರೆ ಸುಮಾರು 54 ಕಿಲೋ ತೂಗಿತ್ತು.

ಗಾಳಕ್ಕೆ ಸಿಕ್ಕ ಮೀನು ಎಳೆದಾಡುವಾಗ ಅದರ ಬಿಳಿ ಸ್ನಾಯುಗಳು ಆಮ್ಲಜನಕವಿಲ್ಲದೆಯೇ ಕೂಡಿಟ್ಟ ಸಕ್ಕರೆಯನ್ನು ಉರಿಸುತ್ತವೆ. ಲ್ಯಾಕ್ಟಿಕ್ ಆಮ್ಲ ಸೇರಿ ರಕ್ತ ಹುಳಿಯಾಗುತ್ತದೆ. ಈ ಸಾಲ ತೀರಿಸಲು ಅದಕ್ಕೆ ಆಗ ಅತಿ ಹೆಚ್ಚು ಆಮ್ಲಜನಕ ಬೇಕು. ಸರಿಯಾಗಿ ಅದೇ ಹೊತ್ತಿಗೆ ನಾವು ಫೋಟೋಕ್ಕಾಗಿ ಅದನ್ನು ಮೇಲೆತ್ತುತ್ತೇವೆ. ನೀರಿನಲ್ಲಿ ಬಿಡಿಬಿಡಿಯಾಗಿ ತೇಲುವ ಕಿವಿರಿನ ಎಳೆಗಳು ಗಾಳಿಗೆ ಬಂದೊಡನೆ ಒದ್ದೆ ಕೂದಲಿನಂತೆ ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಉಸಿರಾಟ ನಿಲ್ಲುತ್ತದೆ. ಕೆನಡಾದ ಫರ್ಗ್ಯುಸನ್ ಮತ್ತು ಟಫ್ಟ್ಸ್ 1992ರಲ್ಲಿ ಪ್ರಕಟಿಸಿದ ಪ್ರಯೋಗ ಇದನ್ನು ಅಂಕಿಗಳಲ್ಲಿ ತೋರಿಸಿತು. ಟ್ರೌಟ್ ಮೀನುಗಳನ್ನು ದಣಿಸಿ ನೀರಿನಲ್ಲೇ ಬಿಟ್ಟಾಗ ಹನ್ನೆರಡು ಗಂಟೆಗಳ ನಂತರ ಶೇ 88ರಷ್ಟು ಬದುಕಿದ್ದವು. ದಣಿಸಿ 30 ಸೆಕೆಂಡು ಗಾಳಿಯಲ್ಲಿ ಹಿಡಿದಾಗ ಬದುಕಿದ್ದು ಶೇ 62. ಅದನ್ನು 60 ಸೆಕೆಂಡಿಗೆ ಏರಿಸಿದಾಗ ಉಳಿದದ್ದು ಶೇ 28 ಮಾತ್ರ. ಟ್ರೌಟ್ ತಣ್ಣೀರಿನ ಮೀನು, ಅದರ ಲೆಕ್ಕ ನಮ್ಮ ನದಿಗಳಿಗೆ ಹೇಗೆ ಸಲ್ಲುತ್ತದೆ ಎಂದು ಕೇಳುವುದು ನ್ಯಾಯವೇ. ಅಂಕಿಗಳು ಹಾಗೆಯೇ ಸಲ್ಲುವುದಿಲ್ಲ. ಆದರೆ ಕಿವಿರಿನ ರಚನೆ, ಆಮ್ಲದ ಲೆಕ್ಕಾಚಾರ ಎರಡೂ ಕಡೆ ಒಂದೇ. ಬೆಚ್ಚಗಿನ ನೀರಂತೂ ಇನ್ನೂ ಕಷ್ಟದ್ದು. 20 ಡಿಗ್ರಿಯ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟರೆ, 30 ಡಿಗ್ರಿಯ ನೀರು ಸುಮಾರು ಏಳೂವರೆ ಮಾತ್ರ ಹಿಡಿಯುತ್ತದೆ. ಬೇಸಿಗೆಯ ಮಧ್ಯಾಹ್ನ ಹಿಡಿದ ಮೀನಿಗೆ ಚೇತರಿಸಿಕೊಳ್ಳುವುದು ಬೆಳಗಿನ ಜಾವ ಹಿಡಿದದ್ದಕ್ಕಿಂತ ಕಷ್ಟ.

ಈ ಶರೀರಶಾಸ್ತ್ರದಿಂದ ಸಲಕರಣೆಯ ನಿಯಮಗಳು ತಾವಾಗಿಯೇ ಹೊರಡುತ್ತವೆ. ತೀರಾ ತೆಳುವಾದ ತಂಗೂಸಿ ದಾರದಲ್ಲಿ ದೊಡ್ಡ ಮೀನನ್ನು ದಣಿಸುವುದು ಶೌರ್ಯವೆಂದು ಕೆಲವರು ಹೇಳುತ್ತಾರೆ. ಮೀನಿನ ಮಟ್ಟಿಗೆ ಅದು ಉದ್ದನೆಯ ಹಿಂಸೆ. ಬಲವಾದ ದಾರ, ಗಟ್ಟಿ ರಾಡು ಇದ್ದರೆ ಎಳೆದಾಟ ಬೇಗ ಮುಗಿಯುತ್ತದೆ. ಕೊಕ್ಕೆ ಎಲ್ಲಿ ನೆಟ್ಟಿತು ಎಂಬುದು ಅದಕ್ಕಿಂತ ದೊಡ್ಡ ವಿಷಯ. ತುಟಿಯಲ್ಲಿ ನೆಟ್ಟರೆ ಗಾಯ ಮಾಯುತ್ತದೆ. ಗಂಟಲಲ್ಲೋ ಕಿವಿರಿನಲ್ಲೋ ನೆಟ್ಟರೆ ಸಾವಿನ ಸಂಭವ ಬಹಳ ಹೆಚ್ಚು. ಮಾಮೂಲಿ ಕೊಕ್ಕೆಯ ಮೊನೆ ನೇರವಾಗಿರುತ್ತದೆ. ವೃತ್ತದಂತೆ ಬಾಗಿದ ಕೊಕ್ಕೆಯ ಮೊನೆ ತನ್ನ ಕಾಂಡದ ಕಡೆಗೇ ತಿರುಗಿರುತ್ತದೆ. ಎರೆಯ ಜೊತೆ ಅದನ್ನು ನುಂಗಿದ ಮೀನು ತಿರುಗಿ ಓಡುವಾಗ ಕೊಕ್ಕೆ ಗಂಟಲಿಗೆ ಚುಚ್ಚದೆ ಜಾರಿ ಬಂದು ಬಾಯಿಯ ಮೂಲೆಯಲ್ಲಿ ಕಚ್ಚಿಕೊಳ್ಳುತ್ತದೆ. ಇದನ್ನು ಬಳಸುವವರು ರಾಡನ್ನು ರಪ್ಪನೆ ಎತ್ತಬಾರದು, ದಾರ ಬಿಗಿಯಾಗಲು ಬಿಡಬೇಕು. ಮೊನೆಯ ಹಿಂದಿನ ಮುಳ್ಳನ್ನು ಇಕ್ಕಳದಿಂದ ಅದುಮಿಬಿಟ್ಟರೆ ಕೊಕ್ಕೆ ಬಿಡಿಸಲು ಕೆಲವೇ ಕ್ಷಣ ಸಾಕು. ಗಂಟುಗಳಿರುವ ಒರಟು ಬಲೆ ಮೀನಿನ ಮೈಮೇಲಿನ ಲೋಳೆಯನ್ನು ಉಜ್ಜಿ ತೆಗೆಯುತ್ತದೆ. ಆ ಲೋಳೆಯೇ ಸೋಂಕಿನಿಂದ ಕಾಯುವ ಕವಚ. ಗಂಟಿಲ್ಲದ ರಬ್ಬರ್ ಬಲೆ, ಒದ್ದೆ ಮಾಡಿಕೊಂಡ ಕೈ ಬೇಕೆನ್ನುವುದು ಈ ಕಾರಣಕ್ಕೆ. ಗಾಳಿಯಲ್ಲಿ ಬದುಕಬಲ್ಲ ಕುಚ್ಚು ಮೀನಿಗೆ ಇಷ್ಟೆಲ್ಲ ಬೇಕಿಲ್ಲ ಎನ್ನುವವರು ಒಂದು ಮಾತು ಗಮನಿಸಬೇಕು. ಮಳೆಗಾಲದಲ್ಲಿ ಅದರ ಕೆಂಪು ಮರಿಗಳ ಗುಂಪು ನೀರಿನ ಮೇಲ್ಭಾಗದಲ್ಲಿ ಕದಲುತ್ತಿದ್ದರೆ, ಕಾಯುವ ತಂದೆತಾಯಿ ಅದರ ಕೆಳಗೇ ಇರುತ್ತವೆ. ಮರಿಗಳನ್ನು ಕಾಯುವ ಸಿಟ್ಟಿನಲ್ಲಿ ಅವು ಯಾವ ಗಾಳಕ್ಕೂ ಎರಗುತ್ತವೆ. ಹಿಡಿದದ್ದನ್ನು ಆಮೇಲೆ ಬಿಟ್ಟರೂ, ಕಾವಲಿಲ್ಲದ ಆ ಹೊತ್ತಿನಲ್ಲಿ ಮರಿಗಳು ಬೇರೆ ಮೀನುಗಳ ಪಾಲಾಗುತ್ತವೆ. ಎಂಥ ಒಳ್ಳೆಯ ಕೊಕ್ಕೆಯೂ ಇದನ್ನು ಸರಿಪಡಿಸದು.

ಸಲಕರಣೆಯಿಂದಾಚೆಗಿನ ಪಾಠ ಕಾವೇರಿಯಲ್ಲಿದೆ. ಭೀಮೇಶ್ವರಿ, ಗಾಲಿಬೋರೆ, ದೊಡ್ಡಮಾಕಳಿಗಳಲ್ಲಿ ಹಿಡಿದು ಬಿಡುವ ಗಾಳದ ಶಿಬಿರಗಳು ವರ್ಷಗಟ್ಟಲೆ ನಡೆದವು. ನದಿ ದಂಡೆಯ ಹಳ್ಳಿಗರು ಅಲ್ಲಿ ಗೈಡುಗಳಾಗಿ, ಹರಿಗೋಲು ಹಾಕುವವರಾಗಿ, ಕಾವಲುಗಾರರಾಗಿ ದುಡಿದರು. ಗಾಲಿಬೋರೆಯಲ್ಲಿ 1998ರಿಂದ 2012ರವರೆಗೆ ಯಾರು ಎಷ್ಟು ಹೊತ್ತು ಗಾಳ ಹಾಕಿದರು, ಯಾವ ಮೀನು ಸಿಕ್ಕಿತು, ಎಷ್ಟು ತೂಗಿತು ಎಂದು ಪುಸ್ತಕದಲ್ಲಿ ಬರೆದಿಡಲಾಯಿತು. ಸುಮಾರು 23,600 ಗಂಟೆಗಳ ಗಾಳ, 6,100ಕ್ಕೂ ಹೆಚ್ಚು ಮಹಶೀರ್‌ಗಳು. ವಿಜ್ಞಾನಿಗಳು ಈ ಲೆಕ್ಕವನ್ನು ಜೋಡಿಸಿ ನೋಡಿದಾಗ ಸಂತೋಷವೂ ಆಘಾತವೂ ಒಟ್ಟಿಗೇ ಕಾದಿದ್ದವು. ಒಟ್ಟು ಮೀನಿನ ಸಂಖ್ಯೆ ಏರುತ್ತಿತ್ತು. ಆದರೆ ಏರುತ್ತಿದ್ದುದು ನೀಲಿ ರೆಕ್ಕೆಯ ಮಹಶೀರ್. ಅದು ಕಾವೇರಿಯ ಮೂಲನಿವಾಸಿಯಲ್ಲ, ಲೋನಾವಳದಂಥ ಮರಿ ಕೇಂದ್ರಗಳಲ್ಲಿ ಬೆಳೆಸಿ ನದಿಗೆ ಬಿಟ್ಟ ತಳಿ. ಕಾವೇರಿ ಕೊಳ್ಳದಲ್ಲಲ್ಲದೆ ಬೇರೆಲ್ಲೂ ಇಲ್ಲದ ಗೂನು ಬೆನ್ನಿನ ಮಹಶೀರ್ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿತ್ತು, ಸಿಕ್ಕವುಗಳ ಸರಾಸರಿ ತೂಕ ಮಾತ್ರ ಹೆಚ್ಚುತ್ತಿತ್ತು. ಗಾಳಗಾರನಿಗೆ ದೊಡ್ಡ ಮೀನು ಸಿಕ್ಕರೆ ಹಬ್ಬ. ಜೀವಶಾಸ್ತ್ರಜ್ಞನಿಗೆ ಅದರ ಅರ್ಥ ಬೇರೆ: ಮುದಿ ಮೀನುಗಳಷ್ಟೇ ಉಳಿದಿವೆ, ಮರಿಗಳು ಬರುತ್ತಿಲ್ಲ. 2018ರಲ್ಲಿ ಈ ಗೂನು ಬೆನ್ನಿನ ಮೀನನ್ನು ಟಾರ್ ರೆಮಾದೇವಿ ಎಂದು ಗುರುತಿಸಲಾಯಿತು. ಅದೇ ವರ್ಷ ಅದು ಜಾಗತಿಕ ಕೆಂಪು ಪಟ್ಟಿಯಲ್ಲಿ ಅಳಿವಿನ ತುತ್ತತುದಿಯ ವರ್ಗಕ್ಕೆ ಸೇರಿತು. ಒಳ್ಳೆಯದಾಗಲೆಂದೇ ಬಿಟ್ಟ ಮರಿಗಳು ಸ್ಥಳೀಯ ತಳಿಯ ಜಾಗ ಹಿಡಿದವು ಎಂಬ ಅನುಮಾನ ಹುಟ್ಟಿದ್ದೂ, ಒಂದು ತಳಿ ಕಣ್ಮರೆಯಾಗುತ್ತಿದೆ ಎಂದು ತಿಳಿದದ್ದೂ ಗಾಳಗಾರರ ಪುಸ್ತಕದಿಂದಲೇ.

ಇಷ್ಟಾದರೂ ಗಾಳವೇಕೆ ಬೇಕು ಎಂದು ಕೇಳುವವರಿದ್ದಾರೆ. ಮೀನಿಗೆ ನೋವಾಗುತ್ತದೆ ಎಂಬುದು ಅವರ ಮೊದಲ ಮಾತು. ಅದು ಗಟ್ಟಿಯಾದ ಮಾತೇ. ಟ್ರೌಟ್ ಮೀನಿನ ತಲೆಯಲ್ಲಿ ಗಾಯವನ್ನು ಗ್ರಹಿಸುವ ನರತುದಿಗಳಿವೆ ಎಂದು ಲಿನ್ ಸ್ನೆಡನ್ ಮತ್ತು ಸಂಗಡಿಗರು 2003ರಲ್ಲಿ ತೋರಿಸಿದರು. ಆಟಕ್ಕಾಗಿ ಹಿಡಿದು ಬಿಡುವುದು ಸರಿಯಲ್ಲ ಎನ್ನುವವರಿಗೆ ವಿಜ್ಞಾನದಲ್ಲಿ ಸಿದ್ಧ ಉತ್ತರವಿಲ್ಲ. ಅದು ನೀತಿಯ ಪ್ರಶ್ನೆ. ಆದರೆ ಗಾಳ ಹಾಕುವವರು ಹಾಕಿಯೇ ಹಾಕುತ್ತಾರೆ ಎಂದಾದಲ್ಲಿ ನೋವನ್ನೂ ಸಾವನ್ನೂ ಕಡಿಮೆ ಮಾಡುವ ವಿಧಾನವನ್ನು ಕಲಿಸುವುದು ಕನಿಷ್ಠ ಕರ್ತವ್ಯ. ಎರಡನೆಯ ಮಾತು ನಮ್ಮ ಪರಂಪರೆಯಿಂದಲೇ ಬರುತ್ತದೆ. ಶೃಂಗೇರಿಯ ತುಂಗೆಯಲ್ಲಿ, ಶಿಶಿಲದ ಕಪಿಲೆಯಲ್ಲಿ, ರಾಮನಾಥಪುರದ ಕಾವೇರಿಯಲ್ಲಿ ದೇವರ ಮೀನೆಂದು ಯಾರೂ ಗಾಳ ಹಾಕುವುದಿಲ್ಲ, ಅಲ್ಲಿ ಮೀನು ತುಂಬಿ ತುಳುಕುತ್ತಿದೆ. ಹಾಗಿದ್ದ ಮೇಲೆ ನಿಷೇಧವೊಂದೇ ಸಾಲದೇ? ಆದರೆ ಇಂಥ ಮತ್ಸ್ಯತೀರ್ಥಗಳಲ್ಲಿ ಮೀನನ್ನು ಕಾಯುತ್ತಿರುವುದು ನಿಯಮವೊಂದೇ ಅಲ್ಲ, ದಿನವೂ ಅಕ್ಕಿ, ಮಂಡಕ್ಕಿ ಹಾಕಲು ಬರುವ ನೂರಾರು ಭಕ್ತರ ಕಣ್ಣುಗಳು. ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಕಾರಣಕ್ಕೆ 2012ರಲ್ಲಿ ಕಾವೇರಿ ವನ್ಯಜೀವಿ ಧಾಮದೊಳಗಿನ ಗಾಳ ನಿಂತಿತು. ಗಾಳದ ಜೊತೆಗೆ ಗಾಲಿಬೋರೆಯ ಆ ಪುಸ್ತಕವೂ ನಿಂತಿತು. ಸಂರಕ್ಷಿತ ಕಾಡಿನಲ್ಲಿ ಕಾನೂನೇ ಮೇಲು. ಆದರೆ ಮೀನಿನ ಲೆಕ್ಕ ಇಡುವ ಕೆಲಸವನ್ನು, ಅರಣ್ಯ ಇಲಾಖೆಯ ಕಣ್ಗಾವಲಿನಲ್ಲಿ, ಅದೇ ಹಳ್ಳಿಗರ ಅನುಭವವನ್ನು ಬಳಸಿಕೊಂಡು ಮುಂದುವರಿಸಲು ಅಡ್ಡಿಯಿರಬಾರದು.

ಮೂರನೆಯ ಆಕ್ಷೇಪ ಎಲ್ಲಕ್ಕಿಂತ ದೊಡ್ಡದು. ನದಿಗೆ ಡೈನಮೈಟ್ ಎಸೆಯುವವರಿದ್ದಾರೆ, ಮರಳು ತೆಗೆಯುವವರಿದ್ದಾರೆ, ಅಣೆಕಟ್ಟುಗಳಿವೆ, ಕೊಳಚೆಯಿದೆ, ಇವುಗಳ ಮುಂದೆ ಒಂದು ಕೊಕ್ಕೆಯ ಮುಳ್ಳು ಯಾವ ಲೆಕ್ಕ? ಸಿಡಿಮದ್ದಿನಿಂದ ಮೀನು ಹಿಡಿಯುವುದು 1897ರ ಕಾಯ್ದೆಯಿಂದಲೇ ಅಪರಾಧ, ಆದರೂ ನಿಂತಿಲ್ಲ. ಕೊಳಚೆಯ ವಿಷಯದಲ್ಲಂತೂ ನಮ್ಮ ಬೀದಿಗಳೇ ಹೊಣೆ. ಕಾಮಾಕ್ಷಿಪಾಳ್ಯದ ಮೋರಿಗೆ ಸೇರಿದ್ದು ವೃಷಭಾವತಿಯಾಗಿ ಮೈಸೂರು ರಸ್ತೆ, ಕೆಂಗೇರಿ ದಾಟಿ ಬೈರಮಂಗಲ ಕೆರೆ ಹೊಕ್ಕು ಅರ್ಕಾವತಿಯ ಮೂಲಕ ಸಂಗಮದಲ್ಲಿ ಕಾವೇರಿಗೆ ಇಳಿಯುತ್ತದೆ. ಆ ಸಂಗಮ ಕಾವೇರಿ ವನ್ಯಜೀವಿ ಧಾಮದಲ್ಲೇ ಇದೆ. ಕಾರ್ಖಾನೆಯ ಆಮ್ಲ, ಮನೆಯ ಸೋಪು ನೊರೆ ಮಹಶೀರ್‌ನ ನೀರಿಗೇ ತಲುಪುತ್ತವೆ. ಈ ಆಕ್ಷೇಪ ನಿಜ, ಆದರೆ ಅದು ನಮ್ಮ ವಾದವನ್ನೇ ಬಲಗೊಳಿಸುತ್ತದೆ. ಎಲ್ಲ ಕಡೆಯಿಂದ ಹೊಡೆತ ತಿನ್ನುತ್ತಿರುವ ಮೀನಿಗೆ ಗಾಳದ ಸಾವು ಒಂದು ಹೆಚ್ಚಿನ ಹೊರೆ. ನೀರು ಕೆಡುತ್ತಿರುವುದನ್ನು ಮೊದಲು ಕಂಡು ಹೇಳಬಲ್ಲವರೂ ವಾರವಾರ ದಂಡೆಯಲ್ಲಿ ಕೂರುವವರೇ.

ಆದ್ದರಿಂದ ರಾಡು ಹಿಡಿದು ಹೊರಡುವವರಲ್ಲಿ ಒಂದು ಕೋರಿಕೆ. ಕೆರೆಯ ಮೀನಿನ ಹಕ್ಕನ್ನು ಗುತ್ತಿಗೆ ಕೊಟ್ಟಿರುತ್ತಾರೆ, ಮೊದಲು ಅನುಮತಿ ಕೇಳಿ. ಕೊಕ್ಕೆಯ ಮುಳ್ಳನ್ನು ಅದುಮಿ, ಬಲವಾದ ದಾರ ಕಟ್ಟಿ, ಬಿಡುವ ಮೀನನ್ನು ನೀರಿನಲ್ಲಿಟ್ಟೇ ಕೊಕ್ಕೆ ಬಿಡಿಸಿ. ಮರಿಗಳ ಗುಂಪು ಕಂಡರೆ ಗಾಳ ಎತ್ತಿಕೊಂಡು ಮುಂದೆ ಹೋಗಿ. ಜಿಲೇಬಿ (ತಿಲಾಪಿಯಾ), ಆಫ್ರಿಕನ್ ಕ್ಯಾಟ್‌ಫಿಶ್‌ನಂಥ ಹೊರಗಿನ ಮೀನನ್ನು ಒಂದು ಕೆರೆಯಿಂದ ಇನ್ನೊಂದಕ್ಕೆ ಒಯ್ಯಬೇಡಿ. ಮನೆಗೆ ಬಂದ ಮೇಲೆ ದಿನಾಂಕ, ಜಾಗ, ಕೂತ ಹೊತ್ತು, ಮೀನಿನ ಜಾತಿ, ಉದ್ದ ಇಷ್ಟನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಏನೂ ಸಿಗದ ದಿನವನ್ನೂ ಬರೆಯಿರಿ. ಮೀನು ಕಡಿಮೆಯಾಗುತ್ತಿದೆ ಎಂದು ಮೊದಲು ಹೇಳುವುದು ಆ ಖಾಲಿ ದಿನಗಳ ಲೆಕ್ಕವೇ.