ನವಾಪುರದ ಕೋಳಿ, ಮಾಗಡಿಯ ಹೆಬ್ಬಾತು: ಹಕ್ಕಿಜ್ವರದ ಜಾಡು ಹಿಡಿದವರ ಕಥೆ

ಮುಂಬಯಿ, ಪುಣೆ, ನಾಸಿಕ್‌ಗಳಲ್ಲಿ ಹೊಟೇಲ್ ಉದ್ಯಮ ನಡೆಸುತ್ತಿರುವ ನಮ್ಮವರಿಗೆ 2006ರ ಫೆಬ್ರವರಿ ತಿಂಗಳು ಇನ್ನೂ ನೆನಪಿರಬಹುದು. ಗುಜರಾತ್ ಗಡಿಗೆ ತಾಗಿಕೊಂಡಿರುವ ನಂದುರ್ಬಾರ್ ಜಿಲ್ಲೆಯ ನವಾಪುರದ ಹೆಸರನ್ನು ನಮ್ಮಲ್ಲಿ ಹೆಚ್ಚಿನವರು ಅಲ್ಲಿಯವರೆಗೆ ಕೇಳಿಯೇ ಇರಲಿಲ್ಲ. ಫೆ. 18ರಂದು ಅಲ್ಲಿನ ಕೋಳಿ ಫಾರ್ಮ್‌ಗಳಲ್ಲಿ ಹಕ್ಕಿಜ್ವರ ಇರುವುದು ಖಚಿತವಾಯಿತು. ಭಾರತದಲ್ಲಿ ಎಚ್5ಎನ್1 ವೈರಸ್ ಅಧಿಕೃತವಾಗಿ ಪತ್ತೆಯಾದದ್ದು ಅದೇ ಮೊದಲು. ಕೋಳಿಯ ಬೆಲೆ ನೆಲಕಚ್ಚಿತು. ರೈಲಿನ ಊಟದಿಂದಲೂ ಕೋಳಿ ಮಾಯವಾಯಿತು. ಸಸ್ಯಾಹಾರಿ ಹೊಟೇಲಿನವರು ಬಚಾವಾದರು, ಉಳಿದವರು ಮೀನಿನ ಮೊರೆ ಹೋದರು.

ನವಾಪುರದಲ್ಲಿ ಕೋಳಿಗಳು ಸಾಯತೊಡಗಿದ್ದು ಅದಕ್ಕೂ ಮೊದಲೇ. ಇದು ರಾಣಿಖೇತ್ ಎಂದೇ ಮೊದಲು ಭಾವಿಸಲಾಗಿತ್ತು. ಊರಿನಲ್ಲಿ ನಾವು ಕೊಕ್ಕರೆ ರೋಗ ಎನ್ನುವುದು ಇದನ್ನೇ. ಎರಡರಲ್ಲೂ ಕೋಳಿ ಸಾಯುವ ಬಗೆ ಒಂದೇ ತೆರನಾಗಿರುವುದರಿಂದ ಕಣ್ಣಿನಿಂದ ನೋಡಿ ಹೇಳಲಾಗದು. ಭೋಪಾಲದ ಪಶುರೋಗ ಪ್ರಯೋಗಾಲಯದ ವರದಿ ಬಂದ ಮೇಲಷ್ಟೇ ಸತ್ಯ ಹೊರಬಿತ್ತು. ಆ ಬಳಿಕ ಲಕ್ಷಗಟ್ಟಲೆ ಕೋಳಿಗಳನ್ನು ಕೊಂದು ಹೂಳಲಾಯಿತು. ಜ್ವರ, ಕೆಮ್ಮು ಇದ್ದ ಕೆಲಸಗಾರರ ಮತ್ತು ಊರವರ ಗಂಟಲಿನ ದ್ರವ, ರಕ್ತ ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಗೆ ಹೋಯಿತು. ಒಬ್ಬರಲ್ಲಿಯೂ ಹಕ್ಕಿಜ್ವರ ಸಿಗಲಿಲ್ಲ.

ಇಷ್ಟೊಂದು ಕೋಳಿ ಸತ್ತರೂ ಅವುಗಳ ನಡುವೆಯೇ ದುಡಿದವರಿಗೆ ಏಕೆ ತಗುಲಲಿಲ್ಲ? ವಿಜ್ಞಾನಿಗಳು ಹಲವು ದಶಕಗಳಿಂದ ಬೆನ್ನು ಹತ್ತಿರುವುದು ಇದೇ ಪ್ರಶ್ನೆಯನ್ನು.

ಫ್ಲೂ ವೈರಸ್ ನಮ್ಮ ದೇಹದ ಜೀವಕೋಶದೊಳಗೆ ನುಗ್ಗಬೇಕಾದರೆ ಕೋಶದ ಮೇಲಿರುವ ಒಂದು ಬಗೆಯ ಸಕ್ಕರೆಯ ಎಳೆಗೆ ಅಂಟಿಕೊಳ್ಳಬೇಕು. ಹಕ್ಕಿಯ ಕರುಳಿನಲ್ಲಿರುವ ಎಳೆಯ ಜೋಡಣೆ ಬೇರೆ, ಮನುಷ್ಯನ ಮೂಗು-ಗಂಟಲಿನಲ್ಲಿರುವುದು ಬೇರೆ. ಹಕ್ಕಿಯ ವೈರಸ್‌ಗೆ ಒಗ್ಗುವ ಎಳೆ ನಮ್ಮಲ್ಲಿಯೂ ಉಂಟು, ಆದರೆ ಹೆಚ್ಚಾಗಿ ಶ್ವಾಸಕೋಶದ ಆಳದಲ್ಲಿ. ಆದ್ದರಿಂದ ಹಕ್ಕಿಜ್ವರ ಮನುಷ್ಯರಿಗೆ ಸುಲಭದಲ್ಲಿ ತಗುಲುವುದಿಲ್ಲ. ಆಳಕ್ಕೆ ತಗುಲಿದರೆ ನ್ಯುಮೋನಿಯಾ ಆಗುವ ಸಾಧ್ಯತೆ ಹೆಚ್ಚು. ಆಳದಲ್ಲಿರುವ ವೈರಸ್ ಕೆಮ್ಮು, ಸೀನಿನೊಂದಿಗೆ ಹೊರಬಂದು ಇನ್ನೊಬ್ಬರಿಗೆ ಅಂಟುವುದೂ ಕಷ್ಟ. ಈ ಒಂದು ಕಾರಣದಿಂದಲೇ ನಾವು ಇದುವರೆಗೆ ಬಚಾವಾಗಿದ್ದೇವೆ ಎಂದರೆ ತಪ್ಪಾಗದು.

ಆದರೆ ಗೋಡೆಯಲ್ಲಿ ಬಿರುಕುಗಳಿವೆ. 1997ರಲ್ಲಿ ಹಾಂಗ್‌ಕಾಂಗ್‌ನಲ್ಲಿ 18 ಮಂದಿಗೆ ಕೋಳಿಯ ಎಚ್5ಎನ್1 ತಗುಲಿ 6 ಮಂದಿ ತೀರಿಕೊಂಡರು. ಅಲ್ಲಿನ ಸರಕಾರ ವರ್ಷಾಂತ್ಯದಲ್ಲಿ ನಗರದ ಎಲ್ಲ ಕೋಳಿಗಳನ್ನೂ ಕೊಲ್ಲಿಸಿತು. ಜೀವಂತ ಕೋಳಿ ಮಾರುವ ಮಾರುಕಟ್ಟೆಯೇ ರೋಗದ ಸೇತುವೆ ಎಂಬುದು ಲೋಕಕ್ಕೆ ತಿಳಿದದ್ದು ಆಗ. ನಮ್ಮ ದೇಶದಲ್ಲಿ 2021ರಲ್ಲಿ ದಿಲ್ಲಿಯ ಏಮ್ಸ್ ಆಸ್ಪತ್ರೆಯಲ್ಲಿ ಹರಿಯಾಣದ ಬಾಲಕನೊಬ್ಬ, 2025ರಲ್ಲಿ ಆಂಧ್ರಪ್ರದೇಶದ ಎರಡು ವರ್ಷದ ಮಗುವೊಂದು ಎಚ್5ಎನ್1ಗೆ ಬಲಿಯಾದರು. 2003ರ ಬಳಿಕ ಜಗತ್ತಿನಾದ್ಯಂತ ಖಚಿತಪಟ್ಟ ಪ್ರಕರಣಗಳು ಸಾವಿರದ ಸಮೀಪ, ಅವರಲ್ಲಿ ಸುಮಾರು ಅರ್ಧದಷ್ಟು ಮಂದಿ ಬದುಕುಳಿಯಲಿಲ್ಲ. ಆದರೆ ಈ ಲೆಕ್ಕದಲ್ಲಿ ಸೇರಿರುವುದು ಆಸ್ಪತ್ರೆ ಸೇರುವಷ್ಟು ಕಾಯಿಲೆ ಬಿದ್ದವರೇ ಹೆಚ್ಚು. ನಾಲ್ಕು ದಿನ ನೆಗಡಿಯಾಗಿ ಗುಣವಾದವನನ್ನು ಯಾರು ಲೆಕ್ಕ ಹಾಕುತ್ತಾರೆ?

ಅವರನ್ನೂ ಲೆಕ್ಕ ಹಾಕುವ ಪ್ರಯತ್ನ ಪುಣೆಯಲ್ಲಿ ನಡೆದಿದೆ ಎಂಬುದು ಉಲ್ಲೇಖನೀಯ. 2010ರಲ್ಲಿ ವೈರಾಣು ಸಂಸ್ಥೆಯವರು ಪುಣೆ ಪರಿಸರದ ಕೋಳಿ ಕೆಲಸಗಾರರ ರಕ್ತ ಪರೀಕ್ಷಿಸಿದರು. ಪರೀಕ್ಷೆಯ ಕ್ರಮ ಸರಳ. ಫ್ಲೂ ವೈರಸ್ ಕೆಂಪು ರಕ್ತಕಣಗಳನ್ನು ಒಂದಕ್ಕೊಂದು ಅಂಟಿಸಿಬಿಡುತ್ತದೆ. ವ್ಯಕ್ತಿಗೆ ಹಿಂದೊಮ್ಮೆ ಆ ವೈರಸ್ ತಗುಲಿದ್ದರೆ ಅವನ ರಕ್ತದಲ್ಲಿನ ಪ್ರತಿಕಾಯಗಳು ಹಾಗೆ ಅಂಟದಂತೆ ತಡೆಯುತ್ತವೆ. ಆಗ ಕಣಗಳು ಗುಳಿಯ ತಳದಲ್ಲಿ ಅಂಗಿಯ ಗುಂಡಿಯಂತೆ ಕೆಂಪಗೆ ಕುಳಿತುಬಿಡುತ್ತವೆ. ಹೀಗೆ ನೋಡಿದಾಗ ಎಚ್9ಎನ್2 ಎಂಬ ಸೌಮ್ಯ ಜಾತಿಯ ಹಕ್ಕಿಜ್ವರದ ಗುರುತು ಕೆಲವು ಕೆಲಸಗಾರರಲ್ಲಿ ಸಿಕ್ಕಿತು. ವೈರಸ್ ಸದ್ದಿಲ್ಲದೆ ಗಡಿ ದಾಟಿ ಹೋಗಿತ್ತು.

ಈ ಸಂಸ್ಥೆಗೂ ನಮ್ಮ ಮಲೆನಾಡಿಗೂ ಹಳೆಯ ನಂಟಿದೆ. 1952ರಲ್ಲಿ ವೈರಸ್ ಸಂಶೋಧನಾ ಕೇಂದ್ರವಾಗಿ ಪುಣೆಯಲ್ಲಿ ಶುರುವಾದ ಇದರ ತಂಡವೇ 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿಗೆ ಹೋಗಿ ಕ್ಯಾಸನೂರು ಕಾಡಿನಲ್ಲಿ ಸತ್ತುಬಿದ್ದ ಮಂಗಗಳಿಂದ ಹೊಸ ವೈರಸ್ ಒಂದನ್ನು ಬೇರ್ಪಡಿಸಿದ್ದು. ಮಂಗನ ಕಾಯಿಲೆ ಎಂದು ಊರವರು ಕರೆದದ್ದು ಇದನ್ನೇ. ಅದು ಉಣುಗಿನಿಂದ ಹರಡುವ ರೋಗ, ಫ್ಲೂಗೂ ಅದಕ್ಕೂ ಸಂಬಂಧವಿಲ್ಲ. ಆದರೆ ಮಂಗ ಸತ್ತಿತೆಂದರೆ ಮನುಷ್ಯರಿಗೆ ಜ್ವರ ಕಾದಿದೆ ಎಂದು ಮಲೆನಾಡಿನ ಹಳ್ಳಿಯವರಿಗೆ ಗೊತ್ತಿತ್ತು. ಪ್ರಾಣಿಯ ಸಾವೇ ಮೊದಲ ಸುದ್ದಿ. ಫ್ಲೂ ಸಂಶೋಧಕರು ಕಾಡುಹಕ್ಕಿ, ಕೋಳಿ, ಹಂದಿಗಳ ಹಿಂದೆ ಅಲೆಯುವುದೂ ಇದೇ ಕಾರಣಕ್ಕೆ.

ಹಂದಿಯನ್ನು ಇಲ್ಲಿ ವಿಶೇಷವಾಗಿ ಹೇಳಬೇಕು. ಹಕ್ಕಿಯ ವೈರಸ್ ಮತ್ತು ಮನುಷ್ಯನ ವೈರಸ್ ಎರಡಕ್ಕೂ ಅದರ ದೇಹದಲ್ಲಿ ಜಾಗವಿದೆ. ಫ್ಲೂ ವೈರಸ್‌ನ ವಂಶವಾಹಿ 8 ತುಂಡುಗಳಲ್ಲಿರುತ್ತದೆ. ಒಂದೇ ಕೋಶಕ್ಕೆ ಎರಡು ಬಗೆಯವು ಹೊಕ್ಕರೆ ಇಸ್ಪೀಟಿನ ಎಲೆಗಳಂತೆ ತುಂಡುಗಳು ಕಲೆಸಿಹೋಗಿ ಹೊಸ ವೈರಸ್ ಹುಟ್ಟುತ್ತದೆ. 2009ರ ಎಚ್1ಎನ್1 ಹೀಗೆ ಹುಟ್ಟಿದ್ದು. ಹಕ್ಕಿ, ಹಂದಿ, ಮನುಷ್ಯ ಮೂರೂ ಮೂಲದ ತುಂಡುಗಳು ಅದರಲ್ಲಿದ್ದವು. ಆ ವರ್ಷದ ಆಗಸ್ಟ್ 3ರಂದು ದೇಶದ ಮೊದಲ ಸಾವು ಸಂಭವಿಸಿದ್ದು ಪುಣೆಯಲ್ಲಿ, ಶಾಲಾ ಬಾಲಕಿಯೊಬ್ಬಳದ್ದು. ಶಾಲೆ, ಸಿನಿಮಾ ಮಂದಿರಗಳು ಮುಚ್ಚಿದ್ದು, ಮಾಸ್ಕ್‌ಗಾಗಿ ಔಷಧದ ಅಂಗಡಿಗಳ ಮುಂದೆ ಜನ ಮುಗಿಬಿದ್ದದ್ದು ಪುಣೆ ಕನ್ನಡಿಗರಿಗೆ ಮರೆಯುವಂಥದ್ದಲ್ಲ. ಆ ವೇಳೆಗೆ ರೋಗ ಹರಡುತ್ತಿದ್ದುದು ಮನುಷ್ಯನಿಂದ ಮನುಷ್ಯನಿಗೆ, ಪಾಪ ಹಂದಿಯ ಪಾತ್ರ ಅಷ್ಟರಲ್ಲಿ ಮುಗಿದಿತ್ತು.

ಕಾಡುಹಕ್ಕಿಗಳ ಮೇಲೂ ಇಂಥದೇ ಅಪವಾದವಿದೆ. 2005ರಲ್ಲಿ ಚೀನದ ಚಿಂಗ್‌ಹಾಯ್ ಸರೋವರದಲ್ಲಿ ಸಾವಿರಾರು ಹಕ್ಕಿಗಳು ಎಚ್5ಎನ್1ನಿಂದ ಸತ್ತವು. ಹೆಚ್ಚಿನವು ಪಟ್ಟೆತಲೆ ಹೆಬ್ಬಾತುಗಳು. ಹಿಮಾಲಯವನ್ನೇ ಹಾರಿ ದಾಟುವ ಈ ಜಾತಿಯ ಹಕ್ಕಿಗಳು ಚಳಿಗಾಲ ಕಳೆಯಲು ಬರುವುದು ಭಾರತಕ್ಕೆ, ನಮ್ಮ ಗದಗ ಜಿಲ್ಲೆಯ ಮಾಗಡಿ ಕೆರೆಗೂ. (ಬೆಂಗಳೂರು ಪಕ್ಕದ ಮಾಗಡಿಯಲ್ಲ, ಶಿರಹಟ್ಟಿ ತಾಲೂಕಿನದ್ದು.) ಮುಂಬಯಿಯ ಕೋಟೆ ಪ್ರದೇಶದಲ್ಲಿರುವ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯವರು ಹೆಬ್ಬಾತು, ಬಾತುಗಳಿಗೆ ಉಪಗ್ರಹ ಟ್ರಾನ್ಸ್‌ಮೀಟರ್ ಕಟ್ಟಿ ಅವುಗಳ ದಾರಿಯನ್ನು ಗುರುತು ಹಾಕಿದ್ದಾರೆ. ಹಾರುವ ದಾರಿ, ರೋಗ ಕಾಣಿಸಿಕೊಂಡ ಊರು, ತಿಂಗಳು ಇವೆಲ್ಲ ತಾಳೆಯಾಗುತ್ತವೆಯೇ ಎಂದು ನೋಡುವುದು ಉದ್ದೇಶ. ಕೆಲವೆಡೆ ತಾಳೆಯಾಗುತ್ತದೆ, ಕೆಲವೆಡೆ ಇಲ್ಲ. ಒಂದು ಫಾರ್ಮ್‌ನಿಂದ ಇನ್ನೊಂದಕ್ಕೆ ರೋಗ ಒಯ್ಯುವುದರಲ್ಲಿ ಟೆಂಪೊ, ಮೊಟ್ಟೆಯ ಟ್ರೇ, ಚಪ್ಪಲಿಗೆ ಹತ್ತಿದ ಹಿಕ್ಕೆಯ ಪಾಲೇನೂ ಸಣ್ಣದಲ್ಲ. ಆಕಾಶದ ಹಕ್ಕಿಯನ್ನು ದೂರುವುದು ಸುಲಭ, ಏಕೆಂದರೆ ಅದಕ್ಕೆ ಸಂಘವಿಲ್ಲ, ವಕೀಲರಿಲ್ಲ.

ಈಚಿನ ವರ್ಷಗಳಲ್ಲಿ ವೈರಸ್ ಇನ್ನಷ್ಟು ಮನೆಗಳ ಬಾಗಿಲು ತಟ್ಟಿದೆ. 2024ರ ಮಾರ್ಚ್‌ನಲ್ಲಿ ಅಮೆರಿಕದಲ್ಲಿ ಹಾಲು ಕರೆಯುವ ಹಸುಗಳಲ್ಲಿ ಎಚ್5ಎನ್1 ಪತ್ತೆಯಾದಾಗ ತಜ್ಞರೇ ಬೆರಗಾದರು. ಹಸುವಿನ ಕೆಚ್ಚಲಿನಲ್ಲಿ ಹಕ್ಕಿ ವೈರಸ್‌ಗೆ ಬೇಕಾದ ಎಳೆಗಳು ಧಾರಾಳವಾಗಿರುವುದು ಆಮೇಲೆ ತಿಳಿಯಿತು. ಹಸಿ ಹಾಲು ಕುಡಿದ ಬೆಕ್ಕುಗಳು ಸತ್ತವು, ಡೈರಿ ಕೆಲಸಗಾರರಿಗೆ ಕಣ್ಣು ಕೆಂಪಾಗುವ ಕಾಯಿಲೆ ಬಂತು. ಹಾಲು ಕಾಯಿಸಿ ಕುಡಿಯುವ ನಮ್ಮ ಅಭ್ಯಾಸ ಇಲ್ಲಿ ಉಪಕಾರಕ್ಕೆ ಬರುತ್ತದೆ. ನಾಗಪುರದ ಗೋರೆವಾಡಾದಲ್ಲಿ 2024ರ ಕೊನೆಗೆ ಮೂರು ಹುಲಿ, ಒಂದು ಚಿರತೆ ಇದೇ ರೋಗಕ್ಕೆ ಬಲಿಯಾದವು. 2025ರ ಆರಂಭದಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ವರದಹಳ್ಳಿ, ಬಳ್ಳಾರಿ ಜಿಲ್ಲೆಯ ಕುರೆಕುಪ್ಪದ ಕೋಳಿಗಳಲ್ಲಿಯೂ ರೋಗ ಕಂಡುಬಂತು.

ಸಂಶೋಧನೆ ಎಷ್ಟು ಮುಂದುವರಿದರೂ ಮೊದಲ ಸುದ್ದಿ ಕೊಡಬೇಕಾದವನು ಕೋಳಿ ಸಾಕುವವನು. ಹತ್ತು ಕೋಳಿ ಸತ್ತಾಗ ಪಶುವೈದ್ಯರಿಗೆ ಹೇಳಿದರೆ ಉಳಿದ ಹತ್ತು ಸಾವಿರವೂ ಹೋಗುತ್ತದೆ ಎಂಬ ಭಯ ಅವನಿಗಿದೆ. ಪರಿಹಾರದ ಹಣ ಸಾಕಷ್ಟು, ಅದೂ ಬೇಗ, ಕೈಗೆ ಬರುವಂತಿದ್ದರೆ ಈ ಭಯ ಅರ್ಧ ಇಳಿಯುತ್ತದೆ. ಪ್ರಯೋಗಾಲಯಕ್ಕೆ ಕೋಟಿ ಸುರಿಯುವ ಸರಕಾರಗಳು ಈ ಕಡೆಯೂ ಗಮನ ಹರಿಸಬೇಕಾಗಿದೆ.

ನಮ್ಮ ಹೊಟೇಲಿಗರು ಮಾಡಬಹುದಾದದ್ದು ಇಷ್ಟು: ಕೋಳಿ, ಮೊಟ್ಟೆಯನ್ನು ಪೂರ್ತಿ ಬೇಯಿಸುವುದು (ಒಳಗಿನವರೆಗೆ 70 ಡಿಗ್ರಿ ಸೆಲ್ಸಿಯಸ್ ಬಿಸಿ ತಟ್ಟಿದರೆ ವೈರಸ್ ಉಳಿಯದು), ಹಸಿ ಮಾಂಸ ಕತ್ತರಿಸಿದ ಹಲಗೆಯಲ್ಲಿ ಸಲಾಡ್ ಕತ್ತರಿಸದಿರುವುದು. ಕೋಳಿ ಅಂಗಡಿ, ಫಾರ್ಮ್‌ಗಳಲ್ಲಿ ದುಡಿಯುವವರಿಗೆ ಪ್ರತಿವರ್ಷದ ಮಾಮೂಲಿ ಫ್ಲೂ ಲಸಿಕೆ ಹಾಕಿಸಬೇಕೆಂದು ತಜ್ಞರು ಹೇಳುತ್ತಾರೆ. ಅದು ಹಕ್ಕಿಜ್ವರವನ್ನು ತಡೆಯದು. ಆದರೆ ಒಂದೇ ದೇಹದಲ್ಲಿ ಮನುಷ್ಯನ ಫ್ಲೂ ಮತ್ತು ಹಕ್ಕಿಯ ಫ್ಲೂ ಒಟ್ಟಿಗೆ ಸೇರಿ ತುಂಡುಗಳು ಕಲೆಸಿಹೋಗುವ ಸಾಧ್ಯತೆಯನ್ನು ಕಡಿಮೆ ಮಾಡುತ್ತದೆ. ನಮ್ಮ ಸಂಘ ಸಂಸ್ಥೆಗಳು ನಡೆಸುವ ಆರೋಗ್ಯ ಶಿಬಿರಗಳಲ್ಲಿ ಸಕ್ಕರೆ, ರಕ್ತದೊತ್ತಡ ನೋಡಿಸಿಕೊಳ್ಳುವ ಸದಸ್ಯರ ಸಾಲಿನ ಪಕ್ಕದಲ್ಲಿ, ನಮ್ಮ ಹೊಟೇಲುಗಳಿಗೆ ದಿನವೂ ಬೆಳಗ್ಗೆ ಕೋಳಿ ತಂದುಹಾಕುವ ಹುಡುಗರಿಗೂ ಒಂದು ಸಾಲು ಇಟ್ಟರೆ ಖರ್ಚೇನೂ ದೊಡ್ಡದಾಗದು.