ಮಾಳಿಗೆ ಮನೆ ಕೆಡವುವ ಮೊದಲು ಜಂತಿ ಬಡಿದು ನೋಡಿ

ಕೊಪ್ಪಳದ ಪಕ್ಕದ ಭಾಗ್ಯನಗರದ ಹಳೆಯ ಓಣಿಗಳಲ್ಲಿ ಇನ್ನೂ ಒಂದಷ್ಟು ಮಾಳಿಗೆ ಮನೆಗಳು ಉಳಿದಿವೆ. ಮುತ್ಯಾನ ಕಾಲದವು, ಹೆಚ್ಚಿನವು 1950-60ರ ದಶಕದಲ್ಲಿ ಎದ್ದವು. ಕಲ್ಲು-ಮಣ್ಣಿನ ದಪ್ಪ ಗೋಡೆ, ತೊಲೆ-ಜಂತಿ, ಮೇಲೊಂದು ಬೆಳಕಿಂಡಿ, ಹಿಂದೆ ಹಿತ್ತಲು. ನೇಕಾರರ ಮನೆಯಾದರೆ ಪಡಸಾಲೆಯಲ್ಲಿ ಕುಣಿಮಗ್ಗ. ಮಗನ ಮದುವೆ ಗೊತ್ತಾಯಿತೆಂದರೆ ಇಂಥ ಮನೆಗಳಲ್ಲಿ ಒಂದೇ ಮಾತು: "ಕೆಡವಿ ಆರ್‌ಸಿಸಿ ಹಾಕಿಸಿಬಿಡೋಣ."

ಸ್ವಲ್ಪ ತಡೆಯಿರಿ. ಕೆಡವದೆಯೂ ಮನೆ ದೊಡ್ಡದಾಗುತ್ತದೆ.

ಹಳೆಯ ಮನೆ ಬೇಸಿಗೆಯಲ್ಲಿ ತಂಪಾಗಿರುವುದು ಹೇಗೆ? ಎರಡು ಅಡಿ ಗೋಡೆ, ಒಂದಡಿ ಮಣ್ಣಿನ ಮಾಳಿಗೆ ಹಗಲಿನ ಬಿಸಿಲನ್ನು ನಿಧಾನ ಹೀರುತ್ತವೆ. ಆ ಕಾವು ಒಳಮೈಗೆ ಬರುವ ಹೊತ್ತಿಗೆ ಹೊರಗೆ ರಾತ್ರಿಯಾಗಿರುತ್ತದೆ. ಆಗ ಬೆಳಕಿಂಡಿ ತೆರೆದರೆ ಬಿಸಿಗಾಳಿ ಮೇಲೇರಿ ಹೊರಗೆ ಹೋಗುತ್ತದೆ. ಆರ್‌ಸಿಸಿ, ಅಂದರೆ ಕಬ್ಬಿಣ ಹೆಣೆದು ಕಾಂಕ್ರೀಟ್ ಸುರಿದ ಚಾವಣಿ, ನಾಲ್ಕೈದು ಇಂಚು ದಪ್ಪವಷ್ಟೆ. ಸಂಜೆಗೇ ಕಾದು, ನಡುರಾತ್ರಿಯವರೆಗೂ ನಮ್ಮ ಮೇಲೆ ಕಾವು ಸುರಿಯುತ್ತದೆ. ಏಪ್ರಿಲ್‌ನಲ್ಲಿ ಪಾರಾ 40 ಡಿಗ್ರಿ ದಾಟುವ ಊರು ನಮ್ಮದು.

"ಮಾಳಿಗೆ ಸೋರುತ್ತಲ್ಲ?" ಎನ್ನುತ್ತೀರಿ. ಸೋರುತ್ತದೆ. ರಿಪೇರಿ ಅಲ್ಲಿಂದಲೇ ಶುರುವಾಗಬೇಕು.

ಮಾಳಿಗೆಯ ಮೇಲ್ಪದರಕ್ಕೆ ಹಿರಿಯರು ಹಾಕುತ್ತಿದ್ದುದು ಸವಳು ಮಣ್ಣು. ಹೊಲದಂಚಿನಲ್ಲಿ ಬೆಳ್ಳಗೆ ಉಪ್ಪು ಉಕ್ಕಿ, ಹುಲ್ಲೂ ಬೆಳೆಯದ ಜಾಗದ ಮಣ್ಣು. ಅದರಲ್ಲಿ ಸೋಡಿಯಂ ಹೆಚ್ಚು. ನೀರು ಬಿದ್ದೊಡನೆ ಕಣಗಳು ಬಿಡಿಬಿಡಿಯಾಗಿ ಸಣ್ಣ ರಂಧ್ರಗಳನ್ನೆಲ್ಲ ಮುಚ್ಚುತ್ತವೆ. ಕೆಳಗೆ ನೀರು ಇಳಿಯುವುದಿಲ್ಲ. ಬೆಳೆಗೆ ಕೆಟ್ಟದ್ದು ಮಾಳಿಗೆಗೆ ಒಳ್ಳೆಯದು.

ತಪ್ಪು ಆಗುವುದು ಮುಂದೆ. ಪ್ರತಿ ವರ್ಷ ಹಳೆಯದನ್ನು ಕೆರೆಯದೆ ಮೇಲೆ ಮೇಲೆ ಮಣ್ಣು ಹಾಕುತ್ತಾ ಹೋಗುತ್ತೇವೆ. ಲೆಕ್ಕ ನೋಡಿ. 10 ಅಡಿಗೆ 10 ಅಡಿ ಕೋಣೆಯ ಮೇಲೆ ಒಂದಡಿ ಮಣ್ಣು ಅಂದರೆ 100 ಘನ ಅಡಿ. ಒಂದು ಘನ ಅಡಿ ಮಣ್ಣು 45ರಿಂದ 50 ಕಿಲೊ ತೂಗುತ್ತದೆ. ಒಟ್ಟು ಹತ್ತಿರ ಹತ್ತಿರ 5 ಟನ್. ಮೇಲೊಂದು ಇಂಚು ಹಾಕಿದರೆ ಇನ್ನೂ 400 ಕಿಲೊ, ಅದೂ ಒಣಗಿದ್ದಾಗಿನ ಮಾತು. ಎಷ್ಟೋ ಸಲ ಜಂತಿ ಮುರಿಯುವುದು ಮುಪ್ಪಿನಿಂದಲ್ಲ, ಈ ಭಾರದಿಂದ.

ಹಾಗಾಗಿ ಮೊದಲು ಜಂತಿ ಪರೀಕ್ಷೆ ಮಾಡಿ. ಏಣಿ ಹಾಕಿ, ತೊಲೆ ಗೋಡೆಯೊಳಗೆ ಸೇರುವ ತುದಿಯನ್ನು ನೋಡಿ. ಲಡ್ಡು ಹಿಡಿಯುವುದು, ಗೆದ್ದಲು ಹತ್ತುವುದು ಅಲ್ಲೇ. ಸ್ಕ್ರೂಡ್ರೈವರ್ ಒತ್ತಿ: ಗಟ್ಟಿ ಕಟ್ಟಿಗೆಗೆ ಗೀರು ಬೀಳುತ್ತದೆ ಅಷ್ಟೆ, ಕೆಟ್ಟದ್ದರಲ್ಲಿ ಬೆರಳುದ್ದ ಒಳಗೆ ಹೋಗುತ್ತದೆ. ಸುತ್ತಿಗೆಯಿಂದ ಬಡಿದಾಗ ಠಣ್ ಎಂದರೆ ಸರಿ, ಬದ್ ಎಂದರೆ ಒಳಗೆ ಟೊಳ್ಳು. ಸಾಮಾನ್ಯವಾಗಿ ಎಲ್ಲವೂ ಕೆಟ್ಟಿರುವುದಿಲ್ಲ. ಕೆಟ್ಟವನ್ನಷ್ಟೇ ಬದಲಿಸಿ, ಹಳೆಯ ಮಣ್ಣು ಇಳಿಸಿ, ಹದವಾದ ಹೊಸ ಪದರ ಹಾಕಿಸಿ. ನೀರು ದೋಣಿಯ ಕಡೆ ಹರಿಯುವಂತೆ ಇಳಿಜಾರು ಇರಲಿ. ಇಳಿಸಿದ ಸವಳು ಮಣ್ಣನ್ನು ಮಾತ್ರ ಹಿತ್ತಲಿಗೆ ಸುರಿಯಬೇಡಿ, ಗಿಡ ಏಳುವುದಿಲ್ಲ.

ಮಾಳಿಗೆಯ ಮೇಲೆ ಸಿಮೆಂಟ್ ಹಾಸುವ ಸಲಹೆ ಕೊಡುವವರು ಬಹಳ. ಬೇಡ. ಸಣ್ಣ ಬಿರುಕಿನಲ್ಲಿ ಇಳಿದ ನೀರಿಗೆ ಮತ್ತೆ ಆರಲು ದಾರಿ ಇರುವುದಿಲ್ಲ, ಜಂತಿ ಒಳಗೊಳಗೇ ಕೊಳೆಯುತ್ತದೆ. ಗೋಡೆಗೂ ಇದೇ ಮಾತು. ನಾವೂ ಒಮ್ಮೆ ಮಣ್ಣಿನ ಗೋಡೆಗೆ ಸಿಮೆಂಟ್ ಗಿಲಾವು ಮಾಡಿಸಿ ಕೆಟ್ಟೆವು. ಎರಡನೇ ಮಳೆಗಾಲಕ್ಕೆ ಅದು ಹಪ್ಪಳದಂತೆ ಉಬ್ಬಿ ಬಿತ್ತು, ಜೊತೆಗೆ ಗೋಡೆಯ ಮಣ್ಣನ್ನೂ ಕಿತ್ತುಕೊಂಡು. ಹಿರಿಯ ಗೌಂಡಿಯೊಬ್ಬರು ಬಂದು ನೋಡಿ, "ಗ್ವಾಡಿಗೆ ಉಸಿರಾಡಾಕ ಬಿಡ್ರಿ" ಎಂದರು. ಸುಣ್ಣದ ಗಚ್ಚು ಅಥವಾ ಹೊಟ್ಟು ಕಲಸಿದ ಮಣ್ಣಿನ ಗಿಲಾವು ತೇವವನ್ನು ಹೊರಗೆ ಬಿಡುತ್ತದೆ. ಈಗ ಅದೇ ಇದೆ.

ಇನ್ನು ಮನೆ ಬೆಳೆಸುವ ಮಾತು. ಒಂದು ಮಲಗುವ ಕೋಣೆ, ಒಂದು ಅಡುಗೆಮನೆ, ಬಚ್ಚಲು-ಶೌಚಾಲಯ ಹಿತ್ತಲ ಕಡೆ ಬರಲಿ. ಹೊಸ ಚಾವಣಿಯ ಭಾರವನ್ನು ಹಳೆಯ ಮಣ್ಣಿನ ಗೋಡೆಯ ಮೇಲೆ ಹೊರಿಸಬೇಡಿ. ಹೊಸದಕ್ಕೆ ಅದರದೇ ಬುನಾದಿ, ಅದರದೇ ಗೋಡೆ. ನಡುವೆ ಒಂದಿಂಚು ಸಂದು. ನಮ್ಮಲ್ಲಿ ಒಂದು ಓಣಿ ಮಸಾರಿ ನೆಲವಾದರೆ ಇನ್ನೊಂದು ಎರಿ. ಎರಿ ಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ. ಅಲ್ಲಿ ಗರಸು ಸಿಗುವವರೆಗೆ ಬುನಾದಿ ಇಳಿಸಲೇಬೇಕು.

ಹೊಸ ಕೋಣೆಗೆ ಫಿಲ್ಲರ್ ಸ್ಲ್ಯಾಬ್ ಒಳ್ಳೆಯದು. ಚಾವಣಿಯ ಕೆಳಪದರದ ಕಾಂಕ್ರೀಟ್ ಹೆಚ್ಚೇನೂ ಭಾರ ಹೊರುವುದಿಲ್ಲ. ಆದ್ದರಿಂದ ಸರಳುಗಳ ನಡುವೆ ಅಲ್ಲಿ ಮಂಗಳೂರು ಹೆಂಚು ತುಂಬುತ್ತಾರೆ. ಸಿಮೆಂಟ್ ಉಳಿಯುತ್ತದೆ, ಕಾವೂ ಕಡಿಮೆ. ಕೇರಳದಲ್ಲಿ ಲಾರಿ ಬೇಕರ್ ಇದನ್ನು ಜನಪ್ರಿಯ ಮಾಡಿದರು. ಸರಳಿನ ಲೆಕ್ಕವನ್ನು ಮಾತ್ರ ಎಂಜಿನಿಯರ್ ಕೈಯಲ್ಲೇ ಮಾಡಿಸಿ. ಗೋಡೆಗೆ ಒತ್ತಿದ ಮಣ್ಣಿನ ಇಟ್ಟಿಗೆ ಆದೀತು: ಮಸಾರಿ ಮಣ್ಣಿಗೆ ಶೇ. 5ರಿಂದ 8ರಷ್ಟು ಸಿಮೆಂಟ್ ಬೆರೆಸಿ ಯಂತ್ರದಲ್ಲಿ ಒತ್ತಿದ್ದು, ಸುಡುವ ಕೆಲಸವಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ 'ಅಸ್ತ್ರ' ಕೇಂದ್ರ ಇದರ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದೆ. ನೆಲಕ್ಕೆ ಶಹಾಬಾದ್ ಪರಸಿ ಸಾಕು. ಟೈಲ್ಸ್ ಯಾಕೆ ಬೇಕೋ ನನಗಂತೂ ತಿಳಿಯದು.

ಹೊಸ ಚಾವಣಿಯ ಇನ್ನೊಂದು ಲಾಭ ನೀರು. ಒಂದು ಚದರ ಮೀಟರ್ ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್. 500 ಚದರ ಅಡಿ ಅಂದರೆ 46 ಚದರ ಮೀಟರ್. 30 ಮಿ.ಮೀ.ನ ಒಂದು ಒಳ್ಳೆಯ ಮಳೆಗೆ ಸುಮಾರು 1,400 ಲೀಟರ್ ಬೀಳುತ್ತದೆ, ಸಾವಿರ ಲೀಟರಾದರೂ ತೊಟ್ಟಿಗೆ ಸೇರುತ್ತದೆ. ಸುತ್ತ ಕಾರ್ಖಾನೆಗಳಿರುವ ಊರು, ಚಾವಣಿಯ ಮೇಲೆ ಕರಿ ಧೂಳು ಕೂರುತ್ತದೆ. ಮೊದಲ ಮಳೆಯ ನೀರನ್ನು ಹೊರಗೆ ಬಿಟ್ಟುಬಿಡಿ. ಮಾಳಿಗೆಯ ನೀರು ಕೆಸರು, ಸವಳು ಬೇರೆ; ಅದು ತೊಟ್ಟಿಗೂ ಬೇಡ, ಹಿತ್ತಲಿಗೂ ಬೇಡ, ಹೊರಗೆ ಹರಿದುಹೋಗಲಿ.

ಹಿತ್ತಲಿಗೆ ಏನು ಹಾಕಬೇಕು? ನರ್ಸರಿಯ ಅಲಂಕಾರದ ಗಿಡಗಳಿಗೆ ದಿನಾ ಕೊಡ ಹೊತ್ತು ಸಾಕಾಗುತ್ತದೆ. ಈ ನೆಲದವು ಬೇರೂರಿದ ಮೇಲೆ ಹೆಚ್ಚೇನೂ ಕೇಳುವುದಿಲ್ಲ. ಪಡುವಣ ಬಿಸಿಲು ತಡೆಯಲು ಬೇವು, ಗೋಡೆಯಿಂದ 15 ಅಡಿ ದೂರ. ಪೂಜೆಗೆ ಪತ್ರಿ. ಬೇಲಿಗೆ ಕವಳಿ: ಮುಳ್ಳೂ ಆಯಿತು, ಹಣ್ಣೂ ಆಯಿತು. ಹಳದಿ ಹೂವಿಗೆ ತಂಗಡಿ. ಬಚ್ಚಲ ನೀರಿಗೆ ಬಾಳೆ. ಜಾಗ ದೊಡ್ಡದಿದ್ದರೆ ಒಂದು ಬನ್ನಿ. ದಸರೆಗೆ ನಾವು ಕೈಮುಗಿಯುವ ಬನ್ನಿ ಮತ್ತು ಕಂಡಲ್ಲೆಲ್ಲ ಹಬ್ಬಿದ ಬಳ್ಳಾರಿ ಜಾಲಿ ನೆಂಟರು, ಆದರೆ ಬಳ್ಳಾರಿ ಜಾಲಿ ಬಂದದ್ದು ಅಮೆರಿಕ ಖಂಡದಿಂದ, ಹೆಸರಲ್ಲಷ್ಟೇ ಬಳ್ಳಾರಿ. ಕೊನೋಕಾರ್ಪಸ್ ಎಂಬ ಹಸಿರು ಗಿಡವನ್ನು ಯಾರಾದರೂ ಕೊಟ್ಟರೆ ಬೇಡ ಎನ್ನಿ. ಗುಜರಾತ್ ಸರ್ಕಾರ 2023ರಲ್ಲಿ ಅದನ್ನು ನೆಡುವುದನ್ನೇ ನಿಷೇಧಿಸಿದೆ. ಸಸಿಗಳಿಗೆ ಮಳೆಗಾಲದ ಆರಂಭದಲ್ಲಿ ಅರಣ್ಯ ಇಲಾಖೆಯ ನರ್ಸರಿಯಲ್ಲಿ ವಿಚಾರಿಸಿ, ಬೆಲೆ ಕಡಿಮೆ.

ಖರ್ಚು? ಮಣ್ಣು ಅಗ್ಗ, ಕೂಲಿ ದುಬಾರಿ, ಕಟ್ಟಿಗೆ ಎಲ್ಲಕ್ಕಿಂತ ದುಬಾರಿ. ಕೆಡವಿದ ಮನೆಗಳ ಹಳೆಯ ತೊಲೆ ಸಿಕ್ಕರೆ ಬಿಡಬೇಡಿ. ಹೊಸ ಚಾವಣಿಯ ಮೇಲಿನ ಸೋಲಾರ್‌ಗೆ 'ಪಿಎಂ ಸೂರ್ಯಘರ್' ಯೋಜನೆಯಲ್ಲಿ 1 ಕಿಲೋವ್ಯಾಟ್‌ಗೆ 30,000, 2ಕ್ಕೆ 60,000, 3 ಅಥವಾ ಹೆಚ್ಚಿಗೆ 78,000 ರೂಪಾಯಿ ಸಹಾಯಧನವಿದೆ. ಅರ್ಜಿ ಆನ್‌ಲೈನ್, ಸಂಪರ್ಕ ಜೆಸ್ಕಾಂನದು. 3 ಕಿಲೋವ್ಯಾಟ್‌ಗೆ 300 ಚದರ ಅಡಿ ಗಟ್ಟಿ ಚಾವಣಿ ಬೇಕು, ಮಾಳಿಗೆಯ ಮೇಲೆ ಬೇಡ. ಗೃಹಜ್ಯೋತಿಯಲ್ಲೇ ನಿಮ್ಮ ಬಿಲ್ ಸೊನ್ನೆ ಬರುತ್ತಿದ್ದರೆ ಇದಕ್ಕೆ ಅವಸರವಿಲ್ಲ, ಆ ದುಡ್ಡನ್ನು ಮಾಳಿಗೆಗೆ ಹಾಕಿ.

ಹೊಸ ಕೋಣೆ ಕಟ್ಟುವುದಕ್ಕೆ ಪಟ್ಟಣ ಪಂಚಾಯಿತಿಯ ಪರವಾನಗಿ ಬೇಕು, ಇ-ಖಾತಾ ಮೊದಲೇ ಮಾಡಿಸಿಕೊಳ್ಳಿ. ಕಡಿಮೆ ಖರ್ಚಿನ ಕಟ್ಟಡದ ಸಲಹೆಗೆ ಜಿಲ್ಲಾ ನಿರ್ಮಿತಿ ಕೇಂದ್ರದಲ್ಲಿ ಕೇಳಬಹುದು. ಕಣ್ಣಾರೆ ನೋಡಬೇಕೆಂದರೆ ಗಂಗಾವತಿ ತಾಲ್ಲೂಕಿನ ಆನೆಗುಂದಿಗೆ ಹೋಗಿ ಬನ್ನಿ. ಶಮಾ ಪವಾರ್ ಅವರ ಕಿಷ್ಕಿಂದಾ ಟ್ರಸ್ಟ್‌ನ ಪ್ರಯತ್ನದಿಂದ ಅಲ್ಲಿ ಹಳೆಯ ಮನೆಗಳು ದುರಸ್ತಿಯಾಗಿ ಮತ್ತೆ ಬಳಕೆಗೆ ಬಂದಿವೆ.

ಮಾಳಿಗೆ ಬಿಚ್ಚುವುದಿದ್ದರೆ ಯುಗಾದಿ ಮುಗಿದ ಕೂಡಲೇ ಗೌಂಡಿಯನ್ನು ಹಿಡಿಯಿರಿ. ಮೇ ಕೊನೆಗೆ ರೋಹಿಣಿ ಮಳೆ ಕೂಡುತ್ತದೆ, ಅಷ್ಟರಲ್ಲಿ ಮೇಲ್ಪದರ ಹಾಕಿ ಮುಗಿದಿರಬೇಕು.